ಸ್ವಲ್ಪ ಸಮಯದ ನಂತರ ಮತ್ತೆ ಪ್ರಯತ್ನಿಸಿ

ಹೆಲ್ಪ್‌ಲೈನಿನ ಹುಡುಗಿ ಹೆಡ್‌ಫೋನ್ ಕೈಯಲ್ಲಿ ಹಿಡಿದುಕೊಂಡು ಬಂದಾಗ ಮಧ್ಯಾಹ್ನ ಮೂರಾಗಿತ್ತು. ನಮ್ಮ ಮಹಡಿಯಲ್ಲಿ ನಾನೊಬ್ಬಳೇ ಇದ್ದೆ. ಅದೇನೂ ವಿಶೇಷವಲ್ಲ, ಯೆರವಡಾದ ಆ ಕಟ್ಟಡದಲ್ಲಿ ಒಂದು ವರ್ಷದಿಂದ ನಾನು ಹಾಗೆಯೇ ಕೂತಿದ್ದೆ. ತಂಡದ ಉಳಿದವರೆಲ್ಲ ಹೊಸ ಪ್ರಾಜೆಕ್ಟಿಗೆ ಹೋಗಿದ್ದರು, ಅವರಿಗೆ ಮನೆಯಿಂದಲೇ ಕೆಲಸ. ಹಳೆಯ ಸಾಫ್ಟ್‌ವೇರ್ ನೋಡಿಕೊಳ್ಳಲು ಒಬ್ಬರು ಬೇಕಲ್ಲ, ಗಂಡ ಮಕ್ಕಳು ಅಂತ ನೆಪ ಹೇಳಲಾರದ ನಾನು ಸಿಕ್ಕಿದೆ. ನಾನೂ ಮನೆಯಿಂದ ಕೆಲಸ ಮಾಡಬಹುದಿತ್ತು. ಆದರೆ ಬಾಡಿಗೆ ಕೋಣೆಯಲ್ಲಿ ಫ್ರಿಜ್ಜಿನ ಸದ್ದು ಕೇಳುತ್ತ ಕೂಡುವುದಕ್ಕಿಂತ ಆಫೀಸಿನ ಏಸಿಯ ಸದ್ದೇ ವಾಸಿ ಅಂತ ದಿನಾ ಬಸ್ಸು ಹಿಡಿದು ಬರುತ್ತಿದ್ದೆ.

"ಮ್ಯಾಡಮ್, ತುಮ್ಹಾಲಾ ಕಾನಡಿ ಯೇತೇ ನಾ?" ಅಂದಳು. ನಿಮಗೆ ಕನ್ನಡ ಬರುತ್ತಲ್ಲ ಅಂತ.

ಬರುತ್ತದೆ ಅಂದೆ. ಹುಟ್ಟಿದ್ದು ಗದಗಿನಲ್ಲಿ. ಆದರೆ ಆಗ ನನ್ನ ದಿನದ ಕನ್ನಡವೆಂದರೆ ಬೆಳಿಗ್ಗೆ ಉಡುಪಿ ಹೋಟೆಲಿನಲ್ಲಿ ಯಜಮಾನರಿಗೆ ಹೇಳುವ "ಎರಡು ಇಡ್ಲಿ, ಚಟ್ನಿ ಜಾಸ್ತಿ" ಅಷ್ಟೇ. ಅವರು ಒಮ್ಮೊಮ್ಮೆ "ಆರಾಮಾ?" ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ಚಟ್ನಿ ಎರಡು ಸಲ ಕೇಳಿದ್ದೂ ಉಂಟು.

ಯಾರೋ ಹೆಂಗಸು ಹೆಲ್ಪ್‌ಲೈನಿಗೆ ಫೋನ್ ಮಾಡಿ ಬೈದಿದ್ದಾಳೆ, ಏನು ಬೈದಳೆಂದು ಗೊತ್ತಾಗದೆ ದೂರು ಬರೆದುಕೊಳ್ಳಲು ಆಗುತ್ತಿಲ್ಲ, ಕೇಳಿ ಹೇಳಬೇಕು ಅಂದಳು ಹುಡುಗಿ. ಹೆಡ್‌ಫೋನ್ ಹಾಕಿಕೊಂಡೆ. ಮೊದಲು ಒಂದು ನಿಮಿಷ ಮುರುಕು ಮರಾಠಿ. ಈ ಕಡೆಯಿಂದ, ಸಿಸ್ಟಮ್ ಡೌನ್ ಇರಬೇಕು, ಸ್ವಲ್ಪ ಹೊತ್ತು ಬಿಟ್ಟು ನೋಡಿ ಎಂಬ ಉತ್ತರ. ಅಲ್ಲಿಗೆ ಆ ಹೆಂಗಸಿನ ಮರಾಠಿ ಮುಗಿಯಿತು, ಸಿಟ್ಟು ಕನ್ನಡದಲ್ಲಿ ಬಂತು.

"ಯವ್ವಾ, ಆಮ್ಯಾಲ ಬಾ ಅಂದ್ರ ಯಾವಾಗ ಬರ್ಲಿ? ಒಂದಲ್ಲ ಎರಡಲ್ಲ, ಎಂಟ ಸಲ ಬಂದೀನಿ. ಕೌಂಟರಿನ್ಯಾಗ ಕುಂತಾಕಿನೂ ಅದನ್ನ ಹೇಳ್ತಾಳ, ಮಶೀನ್ ತಗೋವಲ್ತು, ಆಮ್ಯಾಲ ಬಾ ಅಂತ. ನನ್ನ ಮಗಳಿಗೆ ಐದು ತುಂಬ್ಲಿಕ್ಕೆ ಇಪ್ಪತ್ತ ದಿನ ಉಳದಾವ. ತುಂಬಿದ ಮ್ಯಾಲ ಕೊಡಂಗಿಲ್ಲಂತ. ನನ್ನ ತಪ್ಪರ ಏನದ, ಅದನ್ನರ ಹೇಳ್ರಿ. ತಿದ್ಕೋತೀನಿ. ಏನಂತ ಹೇಳದ ಹೊರಗ ನಿಂದರಸ್ತೀರಲ್ಲ, ಇದ್ಯಾವ ನ್ಯಾಯ?"

ಎರಡನೇ ಸಲ ಕೇಳಿದೆ. ಮಾತು ಅರ್ಥವಾಗಿತ್ತು, ಆದರೂ ಮೂರನೇ ಸಲ ಕೇಳಿದೆ. ಅದು ತನಿಖೆಗಲ್ಲ, ಆ ದನಿ ಇನ್ನಷ್ಟು ಹೊತ್ತು ಕಿವಿಯಲ್ಲಿ ಇರಲಿ ಅನ್ನಿಸಿತ್ತು. ಹೇಳಲು ನಾಚಿಕೆ, ಆದರೆ ನಿಜ.

ನಮ್ಮ ಸಾಫ್ಟ್‌ವೇರ್ ಆಸ್ಪತ್ರೆಗಳ ಕೌಂಟರಿನಲ್ಲಿ ಅರ್ಜಿ ತುಂಬುವಂಥದು, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಆಪರೇಶನ್ ಮಾಡಿ ಯಂತ್ರ ಕೂಡಿಸಲು ಒಂದು ದತ್ತಿ ಸಂಸ್ಥೆ ನೆರವು ಕೊಡುತ್ತಿತ್ತು, ಐದು ವರ್ಷ ತುಂಬುವುದರೊಳಗೆ ಅರ್ಜಿ ಒಪ್ಪಿಗೆಯಾಗಬೇಕು. ಅರ್ಜಿ ನಮ್ಮಿಂದ ಹೋಗುತ್ತದೆ. ಅದನ್ನು ಪರೀಕ್ಷಿಸಿ ಹೂಂ ಅಥವಾ ಊಹೂಂ ಅನ್ನುವ ಸರ್ವಿಸ್ ಊರಿನ ಆಚೆ ತುದಿಯ ಹಡಪಸರದ ಇನ್ನೊಂದು ಕಂಪನಿಯದು, ಅದು ಬೇರೆಯದೇ ಬಗೆಯ ಡಾಟ್‌ನೆಟ್‌ನಲ್ಲಿ ಬರೆದದ್ದು. ಊಹೂಂ ಅಂದರೆ ಕಾರಣ ಹೇಳಬೇಕು, ಆ ಕಾರಣ ನಮ್ಮ ಪರದೆಯ ಮೇಲೆ ಮೂಡಬೇಕು. ಕಾಗದದ ಮೇಲೆ ಎಲ್ಲ ಚೆಂದವಾಗಿಯೇ ಇತ್ತು.

ಆದರೆ ಕೌಂಟರಿನಾಕೆಗೆ ಕಾಣುತ್ತಿದ್ದದ್ದು ಒಂದೇ ಸಾಲು: ಕ್ಷಮಿಸಿ, ತೊಂದರೆಯಾಗಿದೆ, ಸ್ವಲ್ಪ ಸಮಯದ ನಂತರ ಮತ್ತೆ ಪ್ರಯತ್ನಿಸಿ. ಮರಾಠಿಯಲ್ಲಿ. ಅದನ್ನು ಮೂರು ವರ್ಷದ ಹಿಂದೆ ಬರೆದವಳು ನಾನೇ. ಜನರಿಗೆ ತಾಂತ್ರಿಕ ಭಾಷೆ ತೋರಿಸಬಾರದು ಅಂತ ನಮ್ಮಲ್ಲಿ ನಿಯಮ. ಹಾಗಾಗಿ ಆಚೆ ಕಡೆಯಿಂದ ಗುರುತು ಸಿಗದ ಯಾವ ದೋಷ ಬಂದರೂ ಹಿಡಿದು, ಬಾಯಿ ಮುಚ್ಚಿ, ಈ ಸಾಲು ತೋರಿಸು ಅಂತ ಕೋಡ್ ಬರೆದಿದ್ದೆ. ಸಾಲಿನ ಸೌಜನ್ಯಕ್ಕೆ ಆಗ ಶಾಭಾಸ್‌ಗಿರಿಯೂ ಸಿಕ್ಕಿತ್ತು.

ಆಕೆಯ ಅರ್ಜಿಯ ಸಂಖ್ಯೆ ಹಾಕಿ ನಮ್ಮ ಲಾಗ್, ಅಂದರೆ ಪ್ರೋಗ್ರಾಮಿನ ದಿನಚರಿ, ಹುಡುಕಿದೆ. ಎಂಟು ಪ್ರಯತ್ನ, ಎಂಟಕ್ಕೂ ಒಂದೇ ಷರಾ: ಗುರುತಿಸಲಾಗದ ದೋಷ. ಆಚೆಯಿಂದ ನಿಜವಾಗಿ ಏನು ಬಂತು ಎಂಬುದನ್ನು ಬರೆದಿಡುವ ಒಂದು ಸಾಲು ಕೋಡ್ ನಾನು ಹಾಕಿರಲೇ ಇಲ್ಲ. ನನ್ನ ತಲೆ ನಾನೇ ಚಚ್ಚಿಕೊಳ್ಳಬೇಕು ಅನ್ನಿಸಿತು. ಹುಡುಕುತ್ತ ಹೋದರೆ ಬೇರೆ ಅರ್ಜಿಗಳದೂ ಅದೇ ಕಥೆ. ಯಾರು ಯಾವ ಊರಿನ ಕೌಂಟರಿನ ಮುಂದೆ ನಿಂತಿದ್ದರೋ, ಅವರಲ್ಲಿ ಯಾರೂ ನನ್ನ ಭಾಷೆಯಲ್ಲಿ ಬೈದಿರಲಿಲ್ಲ, ಅದಕ್ಕೇ ನನಗೆ ಕೇಳಿರಲಿಲ್ಲ.

ಹಡಪಸರದ ಕಂಪನಿಗೆ ಟಿಕೆಟ್ ಬರೆದೆ. ಅಂದರೆ ದೂರು ಹಾಕಿದೆ, ಅದಕ್ಕೆ ಅವರು ಉತ್ತರ ಬರೆದು ಮುಚ್ಚಬೇಕು. ಮರುದಿನ ಉತ್ತರ ಬಂತು: "ನಮ್ಮ ಕಡೆ ಸರಿಯಿದೆ. ಟೆಸ್ಟ್‌ನಲ್ಲಿ ಪರಿಶೀಲಿಸಲಾಗಿದೆ." ಟಿಕೆಟ್ ಮುಚ್ಚಿದರು. ನಾನು ತೆರೆದೆ, ಅವರು ಮತ್ತೆ ಮುಚ್ಚಿದರು. ನನ್ನ ನಾಲಿಗೆ ಮೊದಲೇ ಹರಿತ, ಮೂರನೇ ಸಲ ತೆರೆದಾಗ ಬರೆಯಬಾರದ್ದನ್ನೂ ಬರೆದೆ. ಅದಕ್ಕೂ ಅದೇ ಉತ್ತರ, ಅದೇ ಪೂರ್ಣವಿರಾಮ. ಆಚೆ ಕೂತಿರುವ ಮನುಷ್ಯ ಗೂಳಿಯಂಥವನು ಅಂತ ಮನಸ್ಸಿನಲ್ಲೇ ಚಿತ್ರ ಬರೆದುಕೊಂಡೆ.

ಹಾಗೆ ನೋಡಿದರೆ "ನಮ್ಮ ಕಡೆ ಸರಿಯಿದೆ" ಎಂದು ನಾನೇ ಎಷ್ಟು ಸಲ ಬರೆದು ಎಷ್ಟು ಟಿಕೆಟ್ ಮುಚ್ಚಿದ್ದೆನೋ ದೇವರೇ ಬಲ್ಲ. ನಮ್ಮ ಕಸುಬಿನ ರೂಢಿಯೇ ಅದು. ನಾನು ನನ್ನ ಪ್ರೋಗ್ರಾಮನ್ನು ಪರೀಕ್ಷಿಸಲು ಜಾವಾದಲ್ಲೇ ಒಂದು ಸುಳ್ಳು ಸರ್ವಿಸ್ ಕಟ್ಟಿಕೊಂಡಿದ್ದೆ. ಅವರು ತಮ್ಮದನ್ನು ಪರೀಕ್ಷಿಸಲು ಡಾಟ್‌ನೆಟ್‌ನಲ್ಲೇ ಒಂದು ಪುಟ್ಟ ಪ್ರೋಗ್ರಾಮ್ ಇಟ್ಟುಕೊಂಡಿದ್ದರು. ಇಬ್ಬರೂ ತಂತಮ್ಮ ಅಡುಗೆ ತಾವೇ ಉಂಡು ರುಚಿಯಾಗಿದೆ ಅಂದವರು.

ಹೀಗೆ ನಾಲ್ಕು ದಿನ ಕಳೆದವು. ಮ್ಯಾನೇಜರಿಗೆ ಫೋನ್ ಮಾಡಿ, ನಾನೇ ಹಡಪಸರಕ್ಕೆ ಹೋಗಿ ಬರುತ್ತೇನೆ ಅಂದೆ. "ಅಹೋ, ಹಾಗೆಲ್ಲ ಹೋಗೋದು ಪದ್ಧತಿ ಅಲ್ಲ. ಟಿಕೆಟ್‌ನಲ್ಲೇ ಮಾತಾಡಿ. ಮುಂದಿನ ವಾರ ಒಂದು ಕಾಲ್ ಇಡೋಣ" ಅಂದರು. ಮುಂದಿನ ವಾರ ಅನ್ನುವ ಮಾತು ಆ ಹೆಂಗಸಿಗೆ ಹೇಗೆ ಕೇಳುತ್ತಿತ್ತೋ ಹಾಗೆಯೇ ನನಗೂ ಕೇಳಿಸಿತು. ಆಯಿತು ಅಂತ ಫೋನಿಟ್ಟು, ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿ, ರಿಕ್ಷಾ ಹತ್ತಿದೆ.

ಹಡಪಸರದ ಆ ಆಫೀಸಿನಲ್ಲಿ ನಾನು ಕಂಡದ್ದು ಗೂಳಿಯನ್ನಲ್ಲ. ಉದ್ದದ ಕೋಣೆ, ಸಾಲಾಗಿ ಖಾಲಿ ಕುರ್ಚಿಗಳು, ಕೊನೆಯಲ್ಲಿ ಕಿಟಕಿಯ ಪಕ್ಕ ಐವತ್ತು ದಾಟಿದ ಒಬ್ಬರು ಡಬ್ಬಿ ಬಿಚ್ಚಿ ಭಾಕರಿ ತಿನ್ನುತ್ತಿದ್ದರು. ಮಾನಿಟರಿನ ಅಂಚಿಗೆ ಜೇಜುರಿ ದೇವಸ್ಥಾನದ ಭಂಡಾರದ ಅರಿಶಿನ ಮೆತ್ತಿತ್ತು. ನಾನು ಯಾರೆಂದು ಹೇಳಿದೆ. ಕೈಯಲ್ಲಿದ್ದ ತುತ್ತು ಕೆಳಗಿಟ್ಟು ಒಂದು ಕ್ಷಣ ನೋಡಿದರು.

"ಆ ಟಿಕೆಟ್ ನೀವೇನಾ ಬರೆದದ್ದು?" ಅಂದರು ಮರಾಠಿಯಲ್ಲಿ. "ಓದಿ ನನ್ನ ಹೆಂಡತಿಗೂ ತೋರಿಸಿದೆ. ನಿಮ್ಮ ಬೈಗುಳ ಎಲ್ಲ ಸರಿ, ಸ್ಪೆಲ್ಲಿಂಗ್ ಕೂಡ ಸರಿ."

ನಗು ಬಂತು. ಕೂಡ್ರಿ ಅಂತ ಖಾಲಿ ಕುರ್ಚಿಗಳತ್ತ ಕೈ ತೋರಿಸಿದರು, ಯಾವುದಾದರೂ ಆರಿಸಿಕೊಳ್ಳಿ, ಎಲ್ಲ ನನ್ನವೇ ಅಂದರು. ಅವರ ತಂಡವೂ ಹೊಸ ಕೆಲಸಕ್ಕೆ ಹೋಗಿತ್ತು. ಆ ಸರ್ವಿಸಿಗೆ ಆ ತುದಿಯಲ್ಲಿ ಅವರೊಬ್ಬರು, ಈ ತುದಿಯಲ್ಲಿ ನಾನೊಬ್ಬಳು. ಒಂದು ವರ್ಷದಿಂದ ದಿನಾ ಒಬ್ಬರಿಗೊಬ್ಬರು ಬರೆಯುತ್ತಿದ್ದೆವು, ಹೆಸರಿನ ಜಾಗದಲ್ಲಿ ಕಂಪನಿಯ ಸಂಖ್ಯೆ ಇರುತ್ತಿತ್ತು.

ನನ್ನ ಲ್ಯಾಪ್‌ಟಾಪಿನಿಂದ ನೇರವಾಗಿ ಅವರ ಟೆಸ್ಟ್ ಯಂತ್ರಕ್ಕೆ, ಬೇಕಂತಲೇ ತಪ್ಪಿರುವ ಅರ್ಜಿ ಕಳಿಸಿದೆ. ಕಾರಣ ಸಮೇತ ಉತ್ತರ ಬಂತು. "ನೋಡಿ ಮ್ಯಾಡಮ್, ಸರಿಯಿದೆ" ಅಂದರು. ಹಾಗಾದರೆ ಜನರ ಅರ್ಜಿ ಹೋಗುವ ನಿಜವಾದ ಯಂತ್ರದಲ್ಲಿರುವ ಸೆಟ್ಟಿಂಗ್‌ಗಳನ್ನೇ ಇಲ್ಲಿಗೂ ಹಾಕಿ ನೋಡೋಣ ಅಂದೆ. ಒಂದೊಂದೇ ಹೋಲಿಸಿ ಹಾಕುತ್ತ ಹೋದರು. ದೋಷದ ವಿವರ ಹೊರಗೆ ಕಾಣಿಸು ಅನ್ನುವ ಒಂದು ಸ್ವಿಚ್ ಟೆಸ್ಟ್‌ನಲ್ಲಿ ತೆರೆದಿತ್ತು, ನಿಜವಾದದ್ದರಲ್ಲಿ ಸುರಕ್ಷತೆಗೆಂದು ಮುಚ್ಚಿತ್ತು. ಅದನ್ನು ಮುಚ್ಚಿ ಮತ್ತೆ ಕಳಿಸಿದೆ. ಕಾರಣ ಮಾಯ. "ಒಳಗಿನ ದೋಷದಿಂದ ಕೋರಿಕೆ ಪೂರೈಸಲಾಗಿಲ್ಲ" ಅಂತಷ್ಟೇ ಬಂತು. ನನ್ನ ಕೋಡ್ ಅದನ್ನು ಹಿಡಿದು ಸೌಜನ್ಯದಿಂದ ಹೇಳಿತು, ಸ್ವಲ್ಪ ಸಮಯದ ನಂತರ ಮತ್ತೆ ಪ್ರಯತ್ನಿಸಿ.

"ಅರೇ ದೇವಾ" ಅಂತ ಅವರು ಹಣೆ ಹಿಡಿದುಕೊಂಡರು.

ತಪ್ಪು ಎಲ್ಲಿತ್ತೆಂದರೆ, ವರದಿ ಹಳೆಯದು, ಹೆಸರು ಹೊಂದುತ್ತಿಲ್ಲ, ಸಹಿ ಇಲ್ಲ ಎಂಬ ಒಂದೊಂದು ಕಾರಣಕ್ಕೂ ಅವರು ಡಾಟ್‌ನೆಟ್‌ನಲ್ಲಿ ತಮ್ಮದೇ ತಪ್ಪುಸೂಚನೆಗಳನ್ನು, ಅಂದರೆ ಎಕ್ಸೆಪ್ಶನ್‌ಗಳನ್ನು ಮಾಡಿಕೊಂಡಿದ್ದರು. ಅವು ಅವರ ಪ್ರೋಗ್ರಾಮಿನೊಳಗೆ ಓಡಾಡುವಂಥವು, ಜಾವಾಕ್ಕೆ ಅವುಗಳ ಗುರುತಿಲ್ಲ. ಎರಡು ಪ್ರೋಗ್ರಾಮುಗಳ ನಡುವೆ ದಾಟುವುದು ಬರೀ ಅಕ್ಷರ. ಇಂಥ ಇಂಥ ತಪ್ಪು ಬರಬಹುದು, ಬಂದರೆ ಈ ರೂಪದಲ್ಲಿ ಬರುತ್ತದೆ ಅಂತ ಇಬ್ಬರೂ ಒಪ್ಪಿದ ಕರಾರಿನ ಫೈಲಿನಲ್ಲಿ ಮೊದಲೇ ಬರೆದಿರಬೇಕಿತ್ತು. ಸರಿಯಾದ ಉತ್ತರದ ರೂಪವನ್ನು ಪುಟಗಟ್ಟಲೆ ಬರೆದಿದ್ದೆವು. ತಪ್ಪಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅವರ ಲಾಗ್ ಮಾತ್ರ ಎಲ್ಲವನ್ನೂ ಬರೆದಿಟ್ಟಿತ್ತು, ಓದುವವರು ಇರಲಿಲ್ಲ. ಆ ಹೆಂಗಸಿನ ಅರ್ಜಿ ಹುಡುಕಿದರು. ಮೊದಲ ಪ್ರಯತ್ನ ಎರಡು ತಿಂಗಳ ಹಿಂದೆ. ಕಾರಣ: ಕಿವಿ ಪರೀಕ್ಷೆಯ ವರದಿ ಮೂರು ತಿಂಗಳಿಗಿಂತ ಹಳೆಯದು, ಹೊಸ ವರದಿ ಸೇರಿಸಿ. ಎಂಟು ಸಲವೂ ಅದೇ. ವರದಿಯ ಅವಧಿ ಮೊದಲ ದಿನ ಮೀರಿದ್ದು ನಾಲ್ಕೇ ದಿನ. ನಂತರ ಬಾ ಅನ್ನಿಸಿಕೊಂಡು ಆಕೆ ಬಂದಷ್ಟೂ ಸಲ ಅದು ಇನ್ನಷ್ಟು ಹಳೆಯದಾಗುತ್ತಿತ್ತು. ಆ ಲಾಗ್ ಓದುತ್ತಾ ಅವರು ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿಬಿಟ್ಟರು.

ನಮ್ಮಂಥವರು ಅರ್ಜಿದಾರರೊಡನೆ ನೇರವಾಗಿ ಮಾತಾಡುವಂತಿಲ್ಲ. ಹೆಲ್ಪ್‌ಲೈನಿನ ಹುಡುಗಿಗೆ ಫೋನ್ ಮಾಡಿ, ನೀನೇ ಕರೆ ಮಾಡು, ನನ್ನನ್ನೂ ಸೇರಿಸಿಕೋ, ಅನುವಾದಕಿ ಅಂತ ಬರೆದುಕೋ ಅಂದೆ. ಜಾಣ ಹುಡುಗಿ, ಏನೂ ಕೇಳದೆ ಜೋಡಿಸಿದಳು.

"ನಮಸ್ಕಾರ್ರಿ. ನಿಮ್ಮ ಮಗಳ ಅರ್ಜಿ ಸಂಬಂಧ ಮಾತಾಡ್ಲಿಕ್ಕತ್ತೀನಿ" ಅಂದೆ. ನನ್ನ ಬಾಯಲ್ಲಿ ನನ್ನ ಊರಿನ ಮಾತು ಎಷ್ಟೋ ದಿನದಿಂದ ಮುಚ್ಚಿಟ್ಟ ಟ್ರಂಕಿನ ಬಟ್ಟೆಯ ಹಾಗೆ ಮಡಿಕೆ ಮಡಿಕೆಯಾಗಿ ಬಂತು.

"ಅಕ್ಕಾರ, ನೀವು ಕನ್ನಡದವರೇನ್ರಿ?"

"ಹೌದ್ರಿ, ಗದಗ ಕಡೆಯಾಕಿ. ಕೇಳ್ರಿ ಇಲ್ಲೆ, ನಿಮ್ಮ ಕಾಗದ ಎಲ್ಲಾ ಬರೋಬರಿ ಅದಾವ. ಕಿವಿ ಪರೀಕ್ಷಾ ಮಾಡ್ಸಿದ ವರದಿ ಒಂದ ಹಳೇದಾಗೇದ. ಹೊಸಾದು ಮಾಡಿಸಿ ಹಚ್ಚಿದ್ರ ಮುಗೀತು."

"ಅಷ್ಟನ?" ಅಂದಳು. ಮತ್ತೆ, "ಅಷ್ಟನ ಏನ್ರಿ ಅಕ್ಕಾರ? ಎರಡ ತಿಂಗಳಾತ್ರಿ. ಇದೊಂದ ಮಾತು ಹೇಳ್ಲಿಕ್ಕೆ ಯಾರಿಗೂ ಬಾಯಿ ಇರ್ಲಿಲ್ಲೇನು?" ಅಂತ ಅಳತೊಡಗಿದಳು. ತಪ್ಪು ನನ್ನದ್ರಿ ಅಂದೆ. ಆಕೆ ಅದನ್ನು ಬರೀ ಸಮಾಧಾನದ ಮಾತೆಂದು ತಿಳಿದಳು.

ಮರುದಿನ ಆಕೆಯೇ ಹೆಲ್ಪ್‌ಲೈನಿಗೆ ಫೋನ್ ಮಾಡಿ ಕನ್ನಡದ ಅಕ್ಕಾರನ್ನು ಕೊಡ್ರಿ ಅಂದಳಂತೆ. ಆಸ್ಪತ್ರೆಯಲ್ಲಿ ಮಗುವನ್ನು ಮಲಗಿಸಿ ಮಾಡುವ ಆ ಪರೀಕ್ಷೆಗೆ ಸರದಿ ಭಾಳ ಉದ್ದವಿತ್ತು. ಕೊಟ್ಟ ದಿನ ಮೂರು ವಾರದ ಮೇಲೆ. ಮಗುವಿಗೆ ಐದು ತುಂಬಲು ಆಗ ಹದಿನೈದು ದಿನ.

ಹಡಪಸರದವರಿಗೆ ಹೇಳಿದೆ. ಅವರಿಗೆ ಸಂಸ್ಥೆಯ ನಿಯಮಾವಳಿ ಬಾಯಿಪಾಠ, ಅದನ್ನೆಲ್ಲ ಕೋಡ್ ಮಾಡಿದವರೇ ಅವರು. "ಒಂದು ದಾರಿ ಇದೆ ಮ್ಯಾಡಮ್. ಸಿಸ್ಟಮ್ಮಿನ ತಪ್ಪಿನಿಂದ ತಡವಾದರೆ ಮೊದಲ ಪ್ರಯತ್ನದ ದಿನಾಂಕವನ್ನೇ ಹಿಡಿಯುತ್ತಾರೆ. ಆದರೆ ತಪ್ಪು ಏನು, ಯಾರದು ಅಂತ ಕಂಪನಿ ಬರೆದು ಕೊಡಬೇಕು" ಅಂದರು. ಇಷ್ಟು ವರ್ಷದಲ್ಲಿ ಹಾಗೆ ಬರೆದು ಕೊಟ್ಟವರನ್ನು ನೋಡಿಲ್ಲ ಅಂತಲೂ ಸೇರಿಸಿದರು.

ಮ್ಯಾನೇಜರು ಪತ್ರ ಕೊಡಲು ಒಪ್ಪಿದರು, ಅದಕ್ಕೆ ನಾನು ಖುಷಿಪಟ್ಟೆ. ಪತ್ರ ಅವರೇ ಬರೆದರು: ಅನಿವಾರ್ಯ ತಾಂತ್ರಿಕ ಅಡಚಣೆಯಿಂದ ಅನಾನುಕೂಲವಾಗಿರುವುದಕ್ಕೆ ವಿಷಾದಿಸುತ್ತೇವೆ. ಓದಿ, ಆಗಬಹುದೇನೋ ಅಂದುಕೊಂಡೆ. ಕಳಿಸಿದರು.

ಅಷ್ಟರಲ್ಲಿ ನಾವಿಬ್ಬರೂ ದುರಸ್ತಿಗೆ ಕೂತೆವು. ಕರಾರಿನ ಫೈಲಿನಲ್ಲಿ ತಪ್ಪಿಗೂ ಒಂದು ರೂಪ ಬರೆದೆವು. ಅದರಲ್ಲಿ ಮೂರೇ ಮನೆ: ತಪ್ಪಿನ ಸಂಖ್ಯೆ, ಕಾರಣ, ಈಗ ಏನು ಮಾಡಬೇಕು. ಮೂರನೆಯದು ಬೇಡ, ಅದು ತಂತ್ರಜ್ಞಾನವಲ್ಲ ಅಂತ ಅವರು ವಾದಿಸಿದರು. ಅದಿಲ್ಲದಿದ್ದರೆ ಉಳಿದೆರಡು ತೆಗೆದುಕೊಂಡು ಉಪ್ಪಿನಕಾಯಿ ಹಾಕಬೇಕೇನು ಅಂದೆ. ಒಪ್ಪಿದರು. ಅವರು ತಮ್ಮ ಎಕ್ಸೆಪ್ಶನ್‌ಗಳನ್ನೆಲ್ಲ ಆ ರೂಪಕ್ಕೆ ಇಳಿಸಿದರು. ನಾನು ಅದೇ ಫೈಲಿನಿಂದ ನನ್ನ ಜಾವಾ ಕೋಡ್ ಹೊಸದಾಗಿ ಹುಟ್ಟಿಸಿದೆ, ಗುರುತು ಸಿಗದ ದೋಷ ಬಂದರೆ ಬಂದದ್ದನ್ನು ಬಂದಹಾಗೆ ಬರೆದಿಡು ಅಂತ ಸೇರಿಸಿದೆ. ಈ ಸಲ ಅವರ ಪ್ರೋಗ್ರಾಮನ್ನು ನಾನು ಪರೀಕ್ಷಿಸಿದೆ, ನನ್ನದನ್ನು ಅವರು. ಎರಡು ದಿನದಲ್ಲಿ ಟೆಸ್ಟ್ ಮುಗಿಯಿತು, ಮೂರನೇ ದಿನ ನಿಜವಾದ ಯಂತ್ರಕ್ಕೆ ಏರಿಸಿದೆವು.

ಮೊದಲ ತಪ್ಪು ಅರ್ಜಿ ಬಂದಾಗ ಪರದೆಯ ಮೇಲೆ ಅದೇ ಹಳೆಯ ಸಾಲು. ಅಯ್ಯೋ ನನ್ನ ಕರ್ಮವೇ ಅಂದುಕೊಂಡು ಲಾಗ್ ತೆಗೆದೆ. ಈಗ ಅದಕ್ಕೆ ಬಾಯಿ ಬಂದಿತ್ತು. ಬಂದ ಉತ್ತರ ಅವರದಾಗಿರಲಿಲ್ಲ. ನಮ್ಮ ಎರಡು ಕಂಪನಿಗಳ ನಡುವೆ ಒಂದು ಗೇಟ್‌ವೇ ಇದೆ, ದ್ವಾರಪಾಲಕ ಅನ್ನಿ. ಟೆಸ್ಟ್‌ನಲ್ಲಿ ಅದಿರಲಿಲ್ಲ. ಒಳಗಿನಿಂದ ದೋಷದ ಗುರುತಿರುವ ಉತ್ತರ ಬಂದರೆ ಅದನ್ನು ತೆಗೆದು ತನ್ನದೇ ಅಚ್ಚುಕಟ್ಟಾದ ಪುಟ ಕಳಿಸುವುದು ಅದರ ಕೆಲಸ. ನಮ್ಮ ಉತ್ತರಗಳಿಗೆ ಮಾತ್ರ ದಾರಿ ಬಿಡಿ ಅಂತ ಅದನ್ನು ನೋಡಿಕೊಳ್ಳುವವರಿಗೆ ಟಿಕೆಟ್ ಬರೆದೆ. ಉತ್ತರ ಬಂತು: ನಮ್ಮ ಕಡೆ ಸರಿಯಿದೆ. ಹಡಪಸರಕ್ಕೆ ಫೋನ್ ಮಾಡಿ ಓದಿ ಹೇಳಿದಾಗ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಲಾಗಿನ ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿ ತೋರಿಸಿದ ಮೇಲೆ ಮೂರು ದಿನಕ್ಕೆ ದಾರಿ ಬಿಟ್ಟರು.

ಆ ದಿನವೇ ದತ್ತಿ ಸಂಸ್ಥೆಯಿಂದ ಪತ್ರ ವಾಪಸು ಬಂತು. ಅಡಚಣೆ ಯಾವುದು, ಯಾರ ಕಡೆಯದು ತಿಳಿಯುತ್ತಿಲ್ಲ, ಸ್ಪಷ್ಟಪಡಿಸಿ. ಎಂಟು ದಿನ ಉಳಿದಿದ್ದವು. ಮ್ಯಾನೇಜರು ಫೋನಿನಲ್ಲಿ ಹೇಳಿದರು, "ಇದಕ್ಕಿಂತ ಹೆಚ್ಚು ಬರೆಯೋಕೆ ಆಗಲ್ಲ. ನಮ್ಮದೇ ತಪ್ಪು ಅಂತ ಬರೆದರೆ ನಾಳೆ ಎಲ್ಲರೂ ಕೇಳ್ತಾರೆ."

"ಕೇಳಲಿ ಸರ್. ತಪ್ಪು ನಮ್ಮದೇ."

"ತಪ್ಪು ಯಾರ ಕೋಡಿನದು ಅಂತ ಕೇಳಿದರೆ?"

ನನಗೆ ತಿಳಿಯಿತು. ಅವರು ಹೆದರಿಸುತ್ತಿರಲಿಲ್ಲ, ಪಾಪ, ನನ್ನನ್ನು ಉಳಿಸುತ್ತಿದ್ದೇನೆ ಅಂದುಕೊಂಡಿದ್ದರು. ಫೋನಿಟ್ಟು ಖಾಲಿ ಮಹಡಿಯಲ್ಲಿ ಒಂದು ಸುತ್ತು ನಡೆದೆ. ಏನು ಮಾಡಲಿ ಅಂತ ಕೇಳೋಣವೆಂದರೆ ಯಾರ ಕುರ್ಚಿಯಲ್ಲೂ ಯಾರೂ ಇಲ್ಲ. ಅಷ್ಟು ಒಂಟಿತನ ಆ ಊರಿನಲ್ಲಿ ನನಗೆ ಎಂದೂ ಆಗಿರಲಿಲ್ಲ. ಹೆದರಿಕೆಯೂ ಆಯಿತು. ನಲವತ್ತು ದಾಟಿದವಳು, ಗೊತ್ತಿರುವುದು ಹಳೆಯ ಕೆಲಸ, ಕೆಲಸ ಬಿಡಿಸಿದರೆ ಎಲ್ಲಿಗೆ ಹೋಗುವುದು?

ವಾಪಸು ಬಂದು ಕೂತು ಬರೆದೆ. ಆಚೆಯಿಂದ ಬಂದ ದೋಷದ ವಿವರವನ್ನು ನನ್ನ ಕೋಡ್ ಬರೆದಿಡದೆ ಮುಚ್ಚಿಹಾಕಿದೆ. ಅದಕ್ಕೆ ಬದಲಾಗಿ ತೋರಿಸಿದ ಸಂದೇಶ ಸುಳ್ಳು, ಕಾಯುವುದರಿಂದ ಸರಿಹೋಗುವ ತೊಂದರೆ ಅದಾಗಿರಲಿಲ್ಲ. ಆ ಕೋಡ್ ಬರೆದವಳು ನಾನು. ಅರ್ಜಿದಾರರ ಮೊದಲ ಪ್ರಯತ್ನದ ದಿನಾಂಕ ಇದು. ಈಗ ಮಾಡಬೇಕಾದದ್ದು, ಅದೇ ದಿನಾಂಕ ಹಿಡಿದು ಹೊಸ ವರದಿಗೆ ಸಮಯ ಕೊಡುವುದು. ಇದೇ ತೊಂದರೆಗೆ ಸಿಕ್ಕ ಉಳಿದ ಅರ್ಜಿಗಳ ಸಂಖ್ಯೆಗಳು ಕೆಳಗಿವೆ. ನನ್ನ ಹೆಸರು ಹಾಕಿ, ಮ್ಯಾನೇಜರಿಗೂ ಹಡಪಸರಕ್ಕೂ ಪ್ರತಿ ಇಟ್ಟು, ಕಳಿಸಿಬಿಟ್ಟೆ.

ಕಾಲು ಗಂಟೆಯಲ್ಲಿ ನನ್ನ ಹಳೆಯ ಟಿಕೆಟ್ ಯಾರೋ ತೆರೆದ ಸೂಚನೆ ಬಂತು. ಹಡಪಸರದವರು. ತಮ್ಮ ಲಾಗಿನ ಸಾಲುಗಳನ್ನೆಲ್ಲ ಅಂಟಿಸಿ, ದತ್ತಿ ಸಂಸ್ಥೆಗೂ ಪ್ರತಿ ಹಾಕಿ, ಕೊನೆಗೆ ಬರೆದಿದ್ದರು: "ನಮ್ಮ ಕಡೆಯೂ ಸರಿಯಿರಲಿಲ್ಲ." ಕೆಳಗೆ ಕಂಪನಿಯ ಸಂಖ್ಯೆಯಲ್ಲ, ಅವರ ಹೆಸರು.

ನಾಲ್ಕು ದಿನಕ್ಕೆ, ಮೊದಲ ಪ್ರಯತ್ನದ ದಿನಾಂಕವನ್ನೇ ಹಿಡಿಯುತ್ತೇವೆ ಅಂತ ಸಂಸ್ಥೆಯಿಂದ ಒಪ್ಪಿಗೆ ಬಂತು, ಆ ಮಗುವಿಗೂ ಪಟ್ಟಿಯಲ್ಲಿದ್ದ ಉಳಿದವರಿಗೂ. ಹೆಲ್ಪ್‌ಲೈನಿನ ಹುಡುಗಿ ಫೋನಿನಲ್ಲಿ ಆಕೆಗೆ ತಾನೇ ಕಲಿತ ಕನ್ನಡದಲ್ಲಿ "ಆತು ಆತು" ಅಂದಳಂತೆ.

ಮ್ಯಾನೇಜರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆ ಸರ್ವಿಸಿನಿಂದ ತೆಗೆದರು. ಬೇರೆಯವರ ಕೋಡಿಗೆ ಕೈಪಿಡಿ ಬರೆಯುವ ಕೆಲಸ, ಅದೇ ಮಹಡಿ, ಕಿಟಕಿಯಿಂದ ದೂರದ ಮೇಜು. ಟಿಕೆಟ್‌ಗಳೂ ಬರದಾದವು. ಹಡಪಸರದವರು ಒಮ್ಮೊಮ್ಮೆ ಮಧ್ಯಾಹ್ನ ಫೋನ್ ಮಾಡಿ ಊಟ ಆಯ್ತಾ ಅನ್ನುತ್ತಿದ್ದರು, ಆಮೇಲೆ ಅವರು ನಿವೃತ್ತರಾದರು. ಮತ್ತೆ ಇಡ್ಲಿ, ಚಟ್ನಿ, ಏಸಿಯ ಸದ್ದು.

ತಿಂಗಳುಗಳ ಮೇಲೆ ಒಂದು ದಿನ ಅದೇ ಹುಡುಗಿ ತನ್ನ ಮೊಬೈಲ್ ಹಿಡಿದು ಓಡಿ ಬಂದಳು. "ಮ್ಯಾಡಮ್, ತುಮಚ್ಯಾ ಸಾಠೀ" ಅಂದಳು, ನಿಮಗೇ ಅಂತ, ನನ್ನ ಕೈಗೆ ಕೊಟ್ಟಳು.

"ಅಕ್ಕಾರ, ನಾನ್ರಿ. ಆಪರೇಶನ್ ಆಗಿ ಗಾಯ ಮಾಯ್ದದ. ನಿನ್ನಿ ಮಶೀನ್ ಚಾಲೂ ಮಾಡ್ಯಾರ. ಏನೂ ತಿಳ್ಯಂಗಿಲ್ರಿ ಆಕಿಗೆ ಇನ್ನ, ಸಪ್ಪಳಾದ್ರ ಹೊಳ್ಳಿ ನೋಡ್ತಾಳ ಅಷ್ಟ. ಸ್ಪೀಕರ್ ಹಾಕೀನಿ. ನೀವು ಏನರ ಮಾತಾಡ್ರಿ."

ಏನು ಮಾತಾಡುವುದು? ಮೂರು ವಾಕ್ಯಕ್ಕೆ ಮೂರು ಜನರ ಒಪ್ಪಿಗೆ ಪಡೆದು ಬರೆಯುವ ಕಸುಬು ನನ್ನದು. "ಏ ಪುಟ್ಟಿ" ಅಂದೆ. "ಊಟ ಮಾಡಿದೇನವ್ವಾ?"

ಆ ಕಡೆ ಯಾವುದೋ ಆಟಿಕೆ ನೆಲಕ್ಕೆ ತಟ್ಟುತ್ತಿದ್ದ ಸದ್ದು ಗಪ್ಪನೆ ನಿಂತಿತು.

"ಹೊಳ್ಳಿ ನೋಡಿದ್ಲ್ರಿ" ಅಂದಳು ತಾಯಿ, ದನಿ ಸಣ್ಣದು ಮಾಡಿ. "ಫೋನಿನ ಕಡೆ ನೋಡ್ಲಿಕ್ಕತ್ತಾಳ. ಅಕ್ಕಾರ, ಮತ್ತೊಮ್ಮೆ ಅನ್ರಿ."